ಸರಾಸರಿಗೆ ಸಿಗದ ಸದ್ದು

ನನ್ನ ಕಿವಿಗೆ ವಯಸ್ಸಾಗಿದೆ, ಒಪ್ಪಿದೆ. ಚಿಕ್ಕೋಡಿಯ ಡಾಕ್ಟರು ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿಸಿ, ಗ್ರಾಫ್ ತೆಗೆದು, “ಹೈ ಫ್ರೀಕ್ವೆನ್ಸಿ ಲಾಸ್ ಐತ್ರಿ, ಏಜ್ ರಿಲೇಟೆಡ್” ಅಂದಾಗ ನಾನು ಜಗಳ ತೆಗೆಯಲಿಲ್ಲ. ಸೊಳ್ಳೆ ಗುಂಯ್‌ಗುಟ್ಟುವುದು ಈಗ ನನಗೆ ಕೇಳುವುದಿಲ್ಲ. ಅದರಿಂದ ನನಗೇನು ಲಾಸು? ಆದರೆ ಇದ್ದದ್ದು ಕೇಳಿಸದ ಕಿವಿ ಬೇರೆ, ಇಲ್ಲದ್ದು ಕೇಳಿಸುವ ಕಿವಿ ಬೇರೆ. ಕಳೆದ ಚಳಿಗಾಲದಲ್ಲಿ ನಮ್ಮ ಮನೆಯವರು ಆ ಗ್ರಾಫನ್ನೇ ಹಿಡಿದುಕೊಂಡು ನನ್ನನ್ನು ಎರಡನೆಯ ಸಾಲಿಗೆ ಸೇರಿಸಿಬಿಟ್ಟರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ.

ನಾನು ನಿಪ್ಪಾಣಿಯ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸಿದವಳು. ಮದುವೆಯ ಗೋಜಿಗೆ ಹೋಗಲಿಲ್ಲ. ರಿಟೈರ್ ಆದ ಮೇಲೆ ಏಕಸಂಬಿ ರಸ್ತೆಯಲ್ಲಿರುವ ನಮ್ಮ ತೋಟದ ಮನೆಗೆ ಬಂದು ಮಾಳಿಗೆಯ ಕೋಣೆ ಹಿಡಿದೆ. ಕೆಳಗೆ ನನ್ನ ಅಣ್ಣನ ಮಗನ ಸಂಸಾರ. ಅಣ್ಣ ಹೋಗಿ ಬಹಳ ವರ್ಷವಾಯಿತು. ಅವನ ಹೆಂಡತಿ, ನಮ್ಮ ವೈನಿ, ಇಂದಿಗೂ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಾಳೆ. ಸುತ್ತ ಕಬ್ಬು. ಮಾಳಿಗೆಯ ಮೇಲೊಂದು ಕಬ್ಬಿಣದ ಕಂಬ. ಆ ಕಂಬದಿಂದ ಹಿತ್ತಲಿನ ಬೇವಿನ ಮರದವರೆಗೆ ಎಳೆದ ಒಂದು ತಾಮ್ರದ ತಂತಿ. ಬಂದವರೆಲ್ಲ ಅದನ್ನು ಬಟ್ಟೆ ಒಣಹಾಕುವ ತಂತಿ ಎಂದುಕೊಂಡು, ಇಷ್ಟು ಎತ್ತರಕ್ಕೆ ಯಾಕೆ ಕಟ್ಟಿದ್ದಾರೆ ಎಂದು ಬೆರಗಾಗುತ್ತಾರೆ. ಅದು ನನ್ನ ಆಂಟೆನಾ. ನಾನು ಹ್ಯಾಮ್ ರೇಡಿಯೋದವಳು. ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದು, ಗಾಳಿಯಲ್ಲಿ ಮಾತಾಡುವ ಹಕ್ಕುಳ್ಳವಳು.

ಆ ಪರೀಕ್ಷೆಗೆ ನಾವಿಬ್ಬರು ಜೊತೆಯಲ್ಲೇ ಕೂತಿದ್ದೆವು, ನಾನು ಮತ್ತು ನನ್ನ ಗೆಳತಿ. ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಅಕ್ಕಪಕ್ಕದ ಮಂಚ. ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಮಳೆಗಾಲದ ಮಧ್ಯಾಹ್ನಗಳಲ್ಲಿ ಡೆಸ್ಕಿನ ಮೇಲೆ ಪೆನ್ಸಿಲ್ ಕುಟ್ಟುತ್ತ ನಮಗೆ ಮೋರ್ಸ್ ಕಲಿಸಿದರು. ಗಿಡ್ಡ ಸದ್ದು, ಉದ್ದ ಸದ್ದು. ಎರಡೇ ಎರಡರಿಂದ ಇಡೀ ಇಂಗ್ಲಿಷ್ ಭಾಷೆ. ‘ಲಿಸನ್ ಫಸ್ಟ್, ಗರ್ಲ್ಸ್. ದೆನ್ ಥಿಂಕ್’ ಅನ್ನುತ್ತಿದ್ದರು. ಗೆಳತಿ ಲೆಕ್ಕದಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತಿದ್ದಳು, ಹೊಲಿಗೆಯಲ್ಲಿ ಸೂಜಿಗೆ ದಾರ ಪೋಣಿಸಲಾರಳು. ಎಲ್ಲ ಕೂಡಿಸಿ ಭಾಗಿಸಿ ರಿಪೋರ್ಟ್ ಕಾರ್ಡಿನಲ್ಲಿ ‘ಆವರೇಜ್’ ಎಂದು ಬರೆದು ಕಳಿಸಿದರು. ಅದನ್ನು ಓದಿ ಅವಳು ಮಂಚದ ಮೇಲೆ ನಿಂತು, ಇಡೀ ಡಾರ್ಮಿಟರಿಗೆ ಕೇಳುವ ಹಾಗೆ “ಆವರೇಜ್, ಮೈ ಫುಟ್!” ಎಂದು ಕೂಗಿದಳು. ಒಂದು ಭಾನುವಾರ ಅವಳಿಗೆ ಪಾಯಸ ಸಿಗಲಿಲ್ಲ. ನಾನು ನನ್ನದರಲ್ಲಿ ಅರ್ಧ ಕೊಟ್ಟೆ.

ಈಗ ಅವಳು ಅಥಣಿ ಕಡೆಯ ಐಗಳಿಯಲ್ಲಿ, ಮಗಳ ಮನೆಯಲ್ಲಿ ಇದ್ದಾಳೆ. ದ್ರಾಕ್ಷಿ ತೋಟದ ಮನೆ. ಎರಡು ವರ್ಷಗಳ ಕೆಳಗೆ ಸ್ಟ್ರೋಕ್ ಆಗಿ ಬಲಗೈ ಹೋಯಿತು, ಮಾತು ಹೋಯಿತು. ತಲೆ ಮಾತ್ರ ಮೊದಲಿನ ಹಾಗೇ ಇದೆ. ಅದೇ ಹೊಳಪು, ಅದೇ ಹಟ. ಫೋನಿನ ಪರದೆಯ ಸಣ್ಣ ಅಕ್ಷರ ಅವಳ ಕಣ್ಣಿಗೆ ಹತ್ತುವುದಿಲ್ಲ, ನಡುಗುವ ಬೆರಳಿಗೆ ಸಿಗುವುದಿಲ್ಲ. ಆದರೆ ಮೋರ್ಸ್ ಕೀ ಎಂಬ ಆ ಹಿತ್ತಾಳೆಯ ಗುಂಡಿ ಇದೆಯಲ್ಲ, ಅದಕ್ಕೆ ಕಣ್ಣು ಬೇಡ. ಒಂದು ಎಡಗೈ ಸಾಕು. ದಿನಾ ಬೆಳಿಗ್ಗೆ ಏಳಕ್ಕೆ ಅವಳು ರೇಡಿಯೋದಲ್ಲಿ ನನ್ನ ಜೊತೆ ಮಾತಾಡುತ್ತಾಳೆ. ನಿಧಾನವಾಗಿ, ಸೊಟ್ಟಪಟ್ಟ, ಒಂದೊಂದೇ ಅಕ್ಷರ.

“ನನಗ ಕೈಸನ್ನಿ ಮಾಡಿ ಹೇಳಿದ್ರ ನಾ ನಿಮಗ ಫೋನ್‌ನ್ಯಾಗ ಹೇಳ್ತೀನ್ರಿ ಮಾವುಶಿ” ಎಂದು ಅವಳ ಮಗಳು ಅನ್ನುತ್ತಾಳೆ; ಮಾವುಶಿ ಎಂದರೆ ಚಿಕ್ಕಮ್ಮ. ಒಳ್ಳೆಯ ಹುಡುಗಿ. ಆದರೆ ಗೆಳತಿ ಬೆಳಿಗ್ಗೆ ನನಗೆ ಹೇಳುವ ಮಾತಿನಲ್ಲಿ ಮುಕ್ಕಾಲು ಪಾಲು ಆ ಮಗಳ ಮೇಲಿನ ದೂರೇ. ಉಪ್ಪಿಟ್ಟಿಗೆ ಉಪ್ಪಿಲ್ಲ, ಕಿಟಕಿ ತೆಗೆಯಗೊಡುವುದಿಲ್ಲ, ನೋಡಲು ಬಂದವರ ಮುಂದೆ ತನ್ನನ್ನು ಕೂಸಿನ ಹಾಗೆ ಮುದ್ದು ಮಾಡುತ್ತಾಳೆ. ಇದನ್ನೆಲ್ಲ ಮಗಳ ಬಾಯಿಂದಲೇ ಹೇಳಿಸಲು ಬರುತ್ತದೆಯೇ? ಮನುಷ್ಯನಿಗೆ ಮನೆಯವರನ್ನು ಬೈದುಕೊಳ್ಳಲು ಮನೆಯ ಹೊರಗೆ ಒಂದು ಕಿವಿ ಬೇಕು. ಅವಳಿಗೆ ಉಳಿದಿರುವ ಕಿವಿ ನನ್ನದೊಂದೇ.

ಆ ಕಿವಿಯೊಳಗೇ ಟಿಕ್ ಹೊಕ್ಕಿತು.

ಮಳೆ ನಿಂತು, ಇಬ್ಬನಿ ಬೀಳುವ ದಿನಗಳು ಶುರುವಾಗಿದ್ದವು. ಒಂದು ಬೆಳಿಗ್ಗೆ ರೇಡಿಯೋ ಹಚ್ಚಿದರೆ ಟಿಕ್... ಟಿಕ್... ಟಿಕ್. ಗೋಡೆ ಗಡಿಯಾರದ ಹಾಗೆ, ಸೆಕೆಂಡಿಗೊಂದು. ಗೆಳತಿಯ ಕೀಯಿಂದ ಬರುವ ಸದ್ದು ತೀರ ಸಣ್ಣದು. ಟಿಕ್ ಬಂದು ಅದರ ನಡುವೆ ಬಿದ್ದರೆ ಅಕ್ಷರವೇ ಬೇರೆಯಾಗುತ್ತದೆ. ಒಂದು ದಿನ ‘ಫೆಲ್’ ಎನ್ನುವುದಷ್ಟು ತಿಳಿಯಿತು, ಮುಂದಿನದು ಹೋಯಿತು. ಗೆಳತಿಯೇ ಬಿದ್ದಳು ಎಂದುಕೊಂಡೆ. ಮಗಳಿಗೆ ಫೋನ್ ಮಾಡಿದರೆ, “ಏನಿಲ್ರಿ ಮಾವುಶಿ, ಅಂಗಳದಾಗ ತೆಂಗಿನ ಗರಿ ಬಿದ್ದೈತಿ” ಎಂದು ನಕ್ಕಳು. ನಗಲಿ. ನನಗೆ ಆ ದಿನ ಊಟ ಇಳಿಯಲಿಲ್ಲ.

ಸೆಕೆಂಡಿಗೊಂದು ಟಿಕ್ ಅಂದರೆ ಏನೆಂದು ನನಗೆ ಗೊತ್ತಿಲ್ಲದೆ ಇಲ್ಲ. ನಮ್ಮ ಕಡೆ ಕಬ್ಬಿಗೆ ಕಾಡುಹಂದಿಯ ಕಾಟ. ಅದಕ್ಕಾಗಿ ಹೊಲದ ಸುತ್ತ ತಂತಿ ಎಳೆದು ‘ಝಟಕಾ ಮಷೀನ್’ ಕೂರಿಸುತ್ತಾರೆ. ಅದು ಸೆಕೆಂಡಿಗೊಮ್ಮೆ ತಂತಿಗೆ ಒಂದು ಪೆಟ್ಟು ಕರೆಂಟ್ ಬಿಡುತ್ತದೆ. ಪ್ರಾಣಿ ಸಾಯುವುದಿಲ್ಲ, ಬೆಚ್ಚಿ ಓಡುತ್ತದೆ. ನಮ್ಮದು ಜೈನರ ಮನೆ. ಸಾಯಿಸುವ ಬೇಲಿಯಾಗಿದ್ದರೆ ವೈನಿ ಅದನ್ನು ಹೊಸ್ತಿಲ ಒಳಗೇ ಬಿಡುತ್ತಿರಲಿಲ್ಲ. ನನ್ನ ಅಣ್ಣನ ಮಗ ಬೇಸಿಗೆಯಲ್ಲೇ ಅದನ್ನು ಕೂರಿಸಿದ್ದ.

“ನಿನ್ನ ಮಷೀನ್ ಸದ್ದು ಮಾಡಾಕತ್ತೈತಿ ನೋಡಪಾ” ಅಂದೆ.

“ಅತ್ಯಾ, ಬ್ಯಾಸಗಿಂದ ಐತಿ ಅದು. ಇಷ್ಟ ದಿನಾ ಇಲ್ಲದ ಸದ್ದು ಈಗ ಎಲ್ಲಿಂದ ಬಂತ?”

ಆದರೂ ನನ್ನ ಸಮಾಧಾನಕ್ಕೆಂದು ಒಂದು ಮಧ್ಯಾಹ್ನ ಪರೀಕ್ಷೆ ಮಾಡಿದ. ರಾತ್ರಿಯಿಂದ ಬೆಳಗಿನ ಎಂಟರವರೆಗಷ್ಟೇ ನಡೆಯುವ ಮಷೀನನ್ನು ನನಗಾಗಿ ಉರಿಬಿಸಿಲಿನಲ್ಲಿ ಚಾಲೂ ಮಾಡಿದ. ನಾನು ಹೆಡ್‌ಫೋನ್ ಹಾಕಿ ಕೂತೆ. ಟಿಕ್ ಇಲ್ಲ. ಬಂದ್ ಮಾಡಿದ. ಆಗಲೂ ಇಲ್ಲ. “ನೋಡ್ರಿ, ಚಾಲೂ ಇದ್ರೂ ಇಲ್ಲ, ಬಂದ್ ಇದ್ರೂ ಇಲ್ಲ. ಮಷೀನ್‌ಂದಲ್ಲ” ಎಂದು ತೀರ್ಪು ಕೊಟ್ಟ. ಮರುದಿನ ಬೆಳಿಗ್ಗೆ ಮತ್ತೆ ಟಿಕ್. ಬೆಳಗಿನ ಹೊತ್ತು ಬಂದ್ ಮಾಡಿ ನೋಡು ಅಂದರೆ, ಅದೇ ಹಂದಿ ಬರುವ ಹೊತ್ತು. ಮೂಲೆಯ ಕಬ್ಬನ್ನು ಆಗಲೇ ಎರಡು ಸಲ ಹೊಕ್ಕು ಹಾಳು ಮಾಡಿದ್ದವು. ಬೆಳೆ ಹೋದ ಮನೆಯಲ್ಲಿ ಹೆಚ್ಚು ಒತ್ತಾಯ ಮಾಡಲು ನನಗೂ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಮಾಳಿಗೆಯ ಮೇಲೆ ಫಲಕ ಕೂರಿಸಲು ಸೋಲಾರ್‌ನವರು ಬಂದರು. ಮಾಳಿಗೆಯಲ್ಲಿ ಬಿಸಿಲು ಚೆನ್ನಾಗಿ ಬೀಳುವುದು ಒಂದೇ ಮೂಲೆಗೆ; ಆ ಮೂಲೆಯಲ್ಲಿ ನಿಂತಿರುವುದು ನನ್ನ ಕಂಬ. ಅಣ್ಣನ ಮಗ ಸುತ್ತಿ ಬಳಸಿ ಮಾತು ತೆಗೆದ.

“ಅತ್ಯಾ, ತಪ್ಪ ತಿಳೀಬ್ಯಾಡ್ರಿ. ಕಿವ್ಯಾಗ ಹಿಂಗ ಟಿಕ್ ಟಿಕ್ ಅಂತ ಬರೂದು ವಯಸ್ಸಾದವ್ರಿಗೆ ಭಾಳ ಮಂದಿಗಿ ಇರತೈತಂತ. ರೇಡಿಯೋನ ಕೇಳಸೂದಿಲ್ಲ ಅಂದಮ್ಯಾಲ ಕಂಬ ಯಾಕ? ಚೊಲೋ ಹಿಯರಿಂಗ್ ಏಡ್ ಕೊಡಸ್ತೀನಿ.”

“ನನ್ನ ಕಿವ್ಯಾಗಿನ ಟಿಕ್ ರೇಡಿಯೋ ಬಂದ್ ಮಾಡಿದ ಕೂಡ್ಲೆ ನಿಲ್ಲತೈತೇನು? ಅಷ್ಟು ಒಬೀಡಿಯೆಂಟ್ ರೋಗ ಯಾವ್ದೋ?”

ವೈನಿ ಪಡಸಾಲೆಯಿಂದಲೇ ಒಗ್ಗರಣೆ ಹಾಕಿದಳು: “ಸಾಲಿ ಕಲಿಸಿದಾಕಿ ಜೋಡಿ ವಾದ ಮಾಡ್ತಿ, ನಿಂಗೂ ಬುದ್ಧಿ ಇಲ್ಲ.”

ಕೊನೆಗೆ ಒಂದು ಮಾತಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಳಗಾವಿಯಲ್ಲಿದ್ದಾನೆ. ಮೊಬೈಲ್ ಟವರುಗಳ ಸಿಗ್ನಲ್ ಅಳೆಯುವುದೇ ಅವನ ಕಸುಬು. ತಲೆ ಬೋಳಾಗಿದ್ದರೂ ನನ್ನ ಕಣ್ಣಿಗೆ ಇನ್ನೂ ಮೂರನೆಯ ಬೆಂಚಿನವನೇ. ಅವನು ಟವರ್ ಕೆಲಸಕ್ಕೆ ರಾಯಬಾಗಕ್ಕೆ ಬಂದಾಗ ಹಾಯ್ದು ಹೋಗುತ್ತಾನೆ, ಯಂತ್ರ ತರುತ್ತಾನೆ. ಯಂತ್ರ ಸದ್ದು ತೋರಿಸಿದರೆ ಕಂಬ ಉಳಿಯಿತು, ಸದ್ದನ್ನು ಹುಡುಕಿ ತೆಗೆಯುವುದು ಅಣ್ಣನ ಮಗನ ಜವಾಬ್ದಾರಿ. ತೋರಿಸದಿದ್ದರೆ ಕಂಬ ಇಳಿಯಿತು, ನಾನು ಚಿಕ್ಕೋಡಿಗೆ ಹೋಗಿ ಕಿವಿಗೆ ಏಡ್ ಹಾಕಿಸಿಕೊಳ್ಳಬೇಕು. ನಾನು “ಡನ್” ಅಂದೆ. ಗೆಳತಿಯನ್ನು ಕೇಳದೆ ಅವಳ ಬಾಯನ್ನು ಪಣಕ್ಕಿಟ್ಟಿದ್ದೇನೆ ಎಂಬುದು ಹಾಸಿಗೆಗೆ ಹೋದ ಮೇಲೆ ಹೊಳೆಯಿತು.

ಅವನು ಬಂದದ್ದು ಹೊತ್ತು ಮೂಡುವಾಗ. ಹಾಗೇ ಬರಬೇಕೆಂದು ನಾನೇ ಹೇಳಿದ್ದೆ. ಹೆಗಲಿಗೆ ಪಟ್ಟಿ ಇದ್ದ ದಪ್ಪ ಡಬ್ಬಿ, ಮುಖದ ಮೇಲೆ ಪರದೆ, ಸಿಗ್ನಲನ್ನು ಗೆರೆಯಾಗಿ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್. ಕಾಲೇಜಿನಲ್ಲಿ ನಮ್ಮ ಲ್ಯಾಬಿಗೆ ಅಂಥದೊಂದು ಬೇಕೆಂದು ನಾನು ಕೇಳಿ ಕೇಳಿ ಸುಮ್ಮನಾಗಿದ್ದೆ. ಈಗ ನನ್ನ ಮೇಜಿನ ಮೇಲೇ ಬಂದು ಕೂತಿತು, ನನ್ನ ವಿರುದ್ಧ ಸಾಕ್ಷಿ ಹೇಳಲು. ನನ್ನ ಆಂಟೆನಾದ ಕೇಬಲನ್ನು ರೇಡಿಯೋದಿಂದ ಬಿಡಿಸಿ ಅದಕ್ಕೆ ಸಿಕ್ಕಿಸಿದ. ಪರದೆಯ ಮೇಲೆ ಒಂದು ಹಳದಿ ಗೆರೆ ಎದ್ದು, ನಿಧಾನಕ್ಕೆ ಮಲಗಿ, ಕೆರೆಯ ನೀರಿನಂತೆ ಸಮವಾಯಿತು.

“ಏನೂ ಇಲ್ರಿ ಮೇಡಂ” ಅಂದ, ಪಾಪ, ಸಂಕೋಚದಿಂದ. “ಬಾಳ ಕ್ಲೀನ್ ಐತಿ ನಿಮ್ಮ ಊರು.”

ಅಣ್ಣನ ಮಗ ಕಿಟಕಿಯಿಂದ ಕಂಬದ ಕಡೆ ನೋಡಿದ. ಬುಡದ ನಟ್ಟು ಬಿಚ್ಚಲು ಯಾವ ಪಾನಾ ಬೇಕು ಎಂದು ಲೆಕ್ಕ ಹಾಕುವವನ ಹಾಗೆ.

ನಾನು ಕನ್ನಡಕ ಏರಿಸಿಕೊಂಡು ಪರದೆಯ ಮೂಲೆಯ ಸಣ್ಣ ಅಕ್ಷರ ಓದಿದೆ. “ಡಿಟೆಕ್ಟರ್ ಯಾವ್ದರ ಮ್ಯಾಲ ಇಟ್ಟಿ?”

“ಆವರೇಜ್ ರಿ. ನಾವು ಯಾವಾಗಲೂ ಅದ್ರ ಮ್ಯಾಲ ಇಡತೀವಿ.”

ಆವರೇಜ್! ಅರವತ್ತು ವರ್ಷ ದಾಟಿ ಆ ಪದ ಮತ್ತೆ ಬಂದು ನನ್ನ, ಗೆಳತಿಯ ಎದುರು ನಿಂತಿತ್ತು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಅಭ್ಯಾಸಬಲ. ಆ ಪರದೆಯ ಮೇಲಿನ ಗೆರೆ ಎಂದರೆ ಅಕ್ಕಪಕ್ಕ ಇಟ್ಟ ಒಂದಷ್ಟು ಚುಕ್ಕೆಗಳು. ಒಂದೊಂದು ಚುಕ್ಕೆಯ ಹಿಂದೆ ಯಂತ್ರವು ಸಾವಿರಾರು ಸಲ ಸಿಗ್ನಲನ್ನು ಅಳೆದಿರುತ್ತದೆ. ತೋರಿಸಲು ಆಗುವುದು ಒಂದನ್ನೇ. ಯಾವುದನ್ನು ತೋರಿಸಬೇಕು? ಅದನ್ನು ತೀರ್ಮಾನಿಸುವುದೇ ಡಿಟೆಕ್ಟರ್ ಸೆಟಿಂಗ್. ಪೀಕ್ ಎಂದರೆ ಅಷ್ಟರಲ್ಲಿ ಅತಿ ದೊಡ್ಡದ್ದು. ನೆಗೆಟಿವ್ ಪೀಕ್ ಎಂದರೆ ಅತಿ ಚಿಕ್ಕದ್ದು. ಸ್ಯಾಂಪಲ್ ಎಂದರೆ ನಿಪ್ಪಾಣಿಯ ತಂಬಾಕು ವ್ಯಾಪಾರಿ ಚೀಲದೊಳಗೆ ಕೈ ತೂರಿ ಸಿಕ್ಕ ಚಿಟಿಕೆಯನ್ನು ಮೂಸಿ ನೋಡಿದ ಹಾಗೆ. ಆವರೇಜ್ ಎಂದರೆ ಎಲ್ಲ ಕೂಡಿಸಿ ಭಾಗಿಸಿದ್ದು. ನಾಲ್ಕೂ ಸುಳ್ಳಲ್ಲ. ಆದರೆ ನಾಲ್ಕೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಈ ವರ್ಷ ಮಳೆ ಸರಾಸರಿ ಆಯಿತು ಎಂದು ಪೇಪರಿನಲ್ಲಿ ಬಂದರೆ ಅಥಣಿಯ ರೈತ ನಗುತ್ತಾನೆ. ಅಷ್ಟೂ ಮಳೆ ಎರಡೇ ದಿನ ಸುರಿದು ಮಣ್ಣು ತೊಳೆದುಕೊಂಡು ಹೋದದ್ದು ಅವನಿಗೆ ಗೊತ್ತು.

ನನ್ನ ವಿದ್ಯಾರ್ಥಿಯ ಕೆಲಸಕ್ಕೆ ಆವರೇಜೇ ಸರಿ, ಅದನ್ನೂ ಹೇಳಬೇಕು. ಟವರಿನ ಸಿಗ್ನಲ್ ಎಡೆಬಿಡದೆ ಸುರಿಯುವ ಸೋನೆ. ಅದರ ಶಕ್ತಿ ಎಷ್ಟು ಎಂದು ಕೇಳಿದರೆ ಸರಾಸರಿ ನ್ಯಾಯವಾದ ಉತ್ತರ ಕೊಡುತ್ತದೆ. ಆದರೆ ಅವನು ಸೋನೆಯನ್ನು ಅಳೆಯುವ ಪಾತ್ರೆಯಲ್ಲಿ ಆಲಿಕಲ್ಲು ಹಿಡಿಯಲು ಬಂದಿದ್ದ.

“ಪೀಕ್ ಮಾಡು” ಅಂದೆ.

“ಮೇಡಂ, ಪೀಕ್ ಮ್ಯಾಲ ಇಟ್ರ ಇರಬಿನೂ ಆನಿ ಕಂಡಂಗ ಕಾಣತೈತಿ. ಎಲ್ಲಾ ಗೆರಿ ಮ್ಯಾಲ ಏಳತೈತಿ. ಅದು ಫೇರ್ ಅಲ್ರಿ.”

“ಯಾರಿಗಿ ಫೇರ್? ನಾ ಒಂದ ಸೂಜಿ ತಗೊಂಡು ನಿನಗ ಸೆಕೆಂಡಿಗೊಮ್ಮಿ ಚುಚ್ಚತೀನಿ. ಉಳದ ಹೊತ್ತೆಲ್ಲಾ ಮುಟ್ಟೂದಿಲ್ಲ. ಆವರೇಜ್ ತಗದ್ರ ನಾ ನಿನ್ನ ಮೈ ಸವರಿದಂಗ ಆಗತೈತಿ. ನೋವಿಲ್ಲ ಅಂತ ಬರದು ಕೊಡ್ತಿ ಏನು?”

ಅವನು ಜೋರಾಗಿ ನಕ್ಕ. “ಪ್ರಾಕ್ಟಿಕಲ್ ಎಕ್ಸಾಮ್‌ನ್ಯಾಗೂ ಹಿಂಗ ಕೇಳತಿದ್ರಿ ನೀವು” ಎನ್ನುತ್ತ ಗುಂಡಿ ಒತ್ತಿದ. ಗೆರೆ ಅವನು ಹೇಳಿದಂತೆಯೇ ಒಟ್ಟಾರೆ ಮೇಲಕ್ಕೆದ್ದಿತು. ಅದರ ಮೇಲೆ ಅಲ್ಲೊಂದು ಇಲ್ಲೊಂದು ಮುಳ್ಳು ಎದ್ದು ಮಾಯವಾಯಿತು.

“ಸ್ಪ್ಯಾನ್ ಝೀರೋ ಮಾಡು. ಒಂದ ಕಡೆ ನಿಂತ ನೋಡೂಣು. ಸ್ವೀಪ್ ಹತ್ತು ಸೆಕೆಂಡ್ ಇಡು.” ಅಂದರೆ ಊರೆಲ್ಲ ಸುತ್ತುವುದನ್ನು ಬಿಟ್ಟು, ಗೆಳತಿ ಮಾತಾಡುವ ಆ ಒಂದೇ ಜಾಗದಲ್ಲಿ ಕಿವಿಯಿಟ್ಟು ಹತ್ತು ಸೆಕೆಂಡಿನಲ್ಲಿ ಏನೇನು ಆಗುತ್ತದೋ ಅದನ್ನು ಬರೆಯುತ್ತ ಹೋಗು ಎಂದು.

ಗೆರೆ ಎಡದಿಂದ ಹೊರಟಿತು. ಒಂದು ಮುಳ್ಳು. ಸ್ವಲ್ಪ ಜಾಗ. ಇನ್ನೊಂದು ಮುಳ್ಳು. ಅಷ್ಟೇ ಜಾಗ. ಮತ್ತೊಂದು. ಪರದೆ ತುಂಬುವ ಹೊತ್ತಿಗೆ ಸಾಲಾಗಿ ನೆಟ್ಟ ಬೇಲಿಯ ಗೂಟಗಳು.

ನಾನು ಗೆದ್ದವಳ ಹಾಗೆ ನಿಧಾನಕ್ಕೆ ಚಹಾ ಕುಡಿದೆ.

“ನಿನ್ನ ಮಷೀನ್ ಈಗ ಬಂದ್ ಮಾಡು. ಈಗ, ಮಧ್ಯಾಹ್ನಕ್ಕಲ್ಲ” ಅಂದೆ.

ಅಣ್ಣನ ಮಗ ಕೆಳಗಿಳಿದು ಹೋದ. ಗೂಟಗಳು ಪಟ್ಟನೆ ಮಾಯವಾದವು, ಗೆರೆ ಬರಿದಾಯಿತು. ಕಿಟಕಿಯಿಂದ ಕೈ ಬೀಸಿದೆ. ಚಾಲೂ ಮಾಡಿದ. ಗೂಟಗಳು ಮತ್ತೆ ನಿಂತವು. ಮೆಟ್ಟಿಲು ಹತ್ತಿ ಬಂದವನ ಮುಖ ನೋಡುವ ಹಾಗಿತ್ತು. “ಅಂದ್ರ ಮಧ್ಯಾಹ್ನ ಯಾಕ ಬರಲಿಲ್ಲ?” ಎಂದು ಮಾತ್ರ ಕೇಳಿದ.

ಗಡಿಯಾರ ಏಳು ಹೊಡೆಯಿತು. ಪರದೆಯ ಮೇಲೆ ಗೂಟಗಳ ನಡುವೆ ಏನೋ ದಪ್ಪಗೆ ಎದ್ದಿತು, ಬಿದ್ದಿತು. ಗೂಟಗಳಿಗೂ ಅದಕ್ಕೂ ಗೋಜಲಾಯಿತು.

“ಯಾರೋ ಬಂದ್ರು” ಅಂದ ವಿದ್ಯಾರ್ಥಿ.

“ಆಕಿ ಬಂದ್ಲು” ಅಂದೆ ನಾನು. “ಈಗ ನೆಗೆಟಿವ್ ಪೀಕ್ ಇಡು.”

ಅವನು ನನ್ನ ಮುಖ ನೋಡಿದ, ಆಮೇಲೆ ಅವನಿಗೇ ಹೊಳೆಯಿತು. ಟಿಕ್ ಎಂಬುದು ಕಣ್ಣು ಮಿಟುಕಿಸುವುದಕ್ಕಿಂತಲೂ ಚಿಕ್ಕದು. ಒಂದು ಚುಕ್ಕೆಯ ಅವಧಿಯನ್ನೂ ಅದು ಪೂರ್ತಿ ತುಂಬುವುದಿಲ್ಲ. ಆ ಚುಕ್ಕೆಯಲ್ಲಿ ಅತಿ ಚಿಕ್ಕದ್ದನ್ನೇ ಆರಿಸು ಎಂದರೆ ಟಿಕ್ ಜಾರಿಹೋಗುತ್ತದೆ. ಆದರೆ ಗೆಳತಿಯ ನಡುಗುವ ಎಡಗೈ ಒತ್ತಿ ಹಿಡಿದ ಗುಂಡಿ ಎಷ್ಟೋ ಚುಕ್ಕೆಗಳ ಉದ್ದಕ್ಕೂ ಒತ್ತಿಕೊಂಡೇ ಇರುತ್ತದೆ. ಎಷ್ಟು ಚಿಕ್ಕದ್ದನ್ನು ಆರಿಸಿದರೂ ಅವಳು ಉಳಿಯುತ್ತಾಳೆ.

ಗುಂಡಿ ಒತ್ತಿದ. ಗೂಟಗಳು ಉದುರಿದವು. ಪರದೆಯ ಮೇಲೆ ಗಿಡ್ಡ ಗೋಡೆ, ಉದ್ದ ಗೋಡೆ, ಉದ್ದ ಗೋಡೆ ಒಂದೊಂದಾಗಿ ಏಳತೊಡಗಿದವು. ಕೆಲವು ಅಗಲ, ಕೆಲವು ಕಿರಿದು. ಒಂದು ಕಡೆ ಕೈ ಸೋತು ಗೋಡೆ ನಡುವೆಯೇ ಮುರಿದಿತ್ತು. ನಾನು ಓದಿ ಹೇಳುತ್ತ ಹೋದೆ. ವೇರ್ ಆರ್ ಯೂ. ವೇರ್ ಆರ್ ಯೂ.

ಅಣ್ಣನ ಮಗ ಬಗ್ಗಿ ಪರದೆಗೆ ಮುಖ ತಂದ. “ಇದು ಐಗಳಿ ಮಾವುಶಿದ?”

“ಹೂಂ. ಅದು ಆಕಿ ಕೈ.”

ಅವನು ಚಿಕ್ಕವನಿದ್ದಾಗ ಗೆಳತಿ ಇಲ್ಲಿಗೆ ಬಂದರೆ ಅವನಿಗೆ ಜಾದೂ ತೋರಿಸುತ್ತಿದ್ದಳು, ಬೆಲ್ಲದ ತುಣುಕನ್ನು ಅಂಗೈಯಿಂದ ಮಾಯ ಮಾಡಿ ಕಿವಿಯ ಹಿಂದಿನಿಂದ ತೆಗೆಯುತ್ತಿದ್ದಳು. ಅದು ನೆನಪಾಯಿತೋ ಏನೋ. ಪರದೆಯಿಂದ ಕಣ್ಣು ತೆಗೆಯದೆ, “ಪಾಪ, ಉತ್ರಾ ಕೊಡ್ರಿ ಅತ್ಯಾ” ಅಂದ.

ನಾನು ಕೀಗೆ ಕೈ ಹಾಕಿದ್ದೇ ತಡ, ವಿದ್ಯಾರ್ಥಿ ಹೌಹಾರಿ ಕೇಬಲ್ ಹಿಡಿದುಕೊಂಡ. “ತಡೀರಿ ಮೇಡಂ! ಮೊದಲ ಕೇಬಲ್ ಬದಲ ಮಾಡ್ತೀನಿ. ಆಂಟೆನಾ ಇಲ್ದ ಒತ್ತಿ ನಿಮ್ಮ ರೇಡಿಯೋ ಸುಟ್ಟ ಹೋದ್ರ ಪ್ರಾಕ್ಟಿಕಲ್‌ನ್ಯಾಗ ನನ್ನ ಫೇಲ್ ಮಾಡತೀರಿ.” ಕೇಬಲ್ ರೇಡಿಯೋಕ್ಕೆ ಮರಳಿದ ಮೇಲೆ ಅವಳಿಗೆ ಒಂದೇ ಸಾಲು ಕಳಿಸಿದೆ: ನಾನು ಇಲ್ಲೇ ಇದ್ದೇನೆ, ನಾಳೆಯವರೆಗೆ ತಾಳು.

“ಅಷ್ಟ ಆದ್ರ, ಏಳರಿಂದ ಅರ್ಧಾ ತಾಸು ಮಷೀನ್ ಬಂದ್ ಇಡತೀನಿ ಬಿಡ್ರಿ” ಎಂದು ಅಣ್ಣನ ಮಗ ದೊಡ್ಡ ಮನಸ್ಸು ಮಾಡಿದ.

“ನಂಗ ದಾನದ ಅರ್ಧ ತಾಸು ಬ್ಯಾಡ. ಚೊಲೋ ಬೇಲಿ ಸದ್ದು ಮಾಡೂದಿಲ್ಲ. ಎಲ್ಲೋ ಕರೆಂಟ್ ಸೋರಾಕತ್ತೈತಿ. ಹುಡುಕೂಣು ನಡಿ.”

ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ ಹಚ್ಚಿಕೊಂಡು ಮೂವರೂ ಬದುವಿನ ಮೇಲೆ ಹೊರಟೆವು. ಸೊಂಟ ನೋವಿದ್ದರೂ ನಾನೇ ಮುಂದೆ. ಕಬ್ಬಿನ ಗರಿಯಿಂದ ಇಬ್ಬನಿ ಸುರಿದು ಸೀರೆ ಮೊಣಕಾಲಿನವರೆಗೆ ತೊಯ್ದಿತು. ಬೇಲಿಯ ಉದ್ದಕ್ಕೂ ಹಳೆಯ ಸೀರೆಗಳು. ಅದು ನಮ್ಮ ಕಡೆಯ ರೂಢಿ. ಝಟಕಾ ಬರುವ ಮೊದಲು ಸೀರೆಯೇ ಬೇಲಿ, ಬಣ್ಣ ಕಂಡು ಹಂದಿ ಹೆದರುತ್ತದೆ ಎಂದು. ಮಷೀನ್ ಬಂದ ಮೇಲೆ ಉಳಿದವರು ಸೀರೆ ಬಿಚ್ಚಿದರು, ನಮ್ಮ ವೈನಿ ಬಿಚ್ಚಗೊಡಲಿಲ್ಲ. ನಾವು ಯಾರೂ ಯಾಕೆಂದು ಕೇಳಿರಲಿಲ್ಲ. ನೈಲಾನ್ ಸೀರೆ, ವಾಯಿಲ್ ಸೀರೆ, ಹೂವಿನ ಪ್ರಿಂಟು. ಟ್ರಾನ್ಸಿಸ್ಟರಿನಲ್ಲಿ ಟಿಕ್ ಮೆಲ್ಲಗೆ ಬರುತ್ತಿತ್ತು. ಹಂದಿ ಹೊಕ್ಕಿದ್ದ ಮೂಲೆಗೆ ಬರುತ್ತಿದ್ದಂತೆ ಅದು ಚಪ್ಪಾಳೆಯಾಯಿತು.

ಅಲ್ಲಿ ತಂತಿಗೇ ಬಿಗಿದು ಕಟ್ಟಿದ್ದ ಒಂದು ಕೆಂಪು ಸೀರೆ ನೆಲದ ಒದ್ದೆ ಹುಲ್ಲಿನವರೆಗೆ ಇಳಿಬಿದ್ದಿತ್ತು. ಅಂಗೈ ಅಗಲದ ಜರಿ ಅಂಚು. ಬಗ್ಗಿ ನೋಡಿದರೆ ಜರಿಯ ಎಳೆ ಹರಿದಲ್ಲಿ ಸೆಕೆಂಡಿಗೊಮ್ಮೆ ನೀಲಿ ಕಿಡಿ. ಟಿಕ್. ಟಿಕ್. ಹಳೆಯ ಕಾಲದ ಜರಿ, ಬೆಳ್ಳಿ ಮೆತ್ತಿದ ತಾಮ್ರದೆಳೆ. ಇಬ್ಬನಿಯಲ್ಲಿ ನೆನೆದು ತಂತಿಯ ಕರೆಂಟನ್ನು ನೆಲಕ್ಕೆ ಇಳಿಸುತ್ತಿತ್ತು. ಬಿಸಿಲಿಗೆ ಒಣಗಿದರೆ ಸುಮ್ಮನಾಗುತ್ತಿತ್ತು. ಮಧ್ಯಾಹ್ನದ ಪರೀಕ್ಷೆ ಯಾಕೆ ಸೋತಿತು ಎಂಬುದು ಅಲ್ಲಿ ನೇತಾಡುತ್ತಿತ್ತು.

ಆ ಸೀರೆ ನನಗೆ ಗೊತ್ತಿತ್ತು. ವೈನಿ ಅದನ್ನುಟ್ಟು ನಮ್ಮ ಮನೆ ತುಂಬಿದ ದಿನ ನಾನು ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ. ಅವಳ ಮದುವೆಯ ಶಾಲು; ಮದುಮಗಳ ಜರಿ ಸೀರೆಗೆ ನಮ್ಮ ಕಡೆ ಹಾಗನ್ನುತ್ತಾರೆ.

“ಅವ್ವಾ!” ಎಂದು ಅಣ್ಣನ ಮಗ ಅಲ್ಲಿಂದಲೇ ಕೂಗಿದ. ಮಷೀನ್ ಬಂದ್ ಮಾಡಿ ಬರುವಷ್ಟರಲ್ಲಿ ವೈನಿ ಸೆರಗು ಸಿಕ್ಕಿಸಿಕೊಂಡು ಬದುವಿನ ಮೇಲೆ ಬಂದು ನಿಂತಿದ್ದಳು.

“ಯಾಕ, ಏನಾತು? ನಾನ ಕಟ್ಟೀನಿ. ಮಳಿ ನಿಂತ ಮ್ಯಾಲ ಕಟ್ಟೀನಿ. ಹಂದಿ ಈ ಮೂಲಿಗೇ ಬರತಾವು. ಉಳದ ಸೀರಿ ಬಣ್ಣಾ ಹೋಗ್ಯಾವು, ಕತ್ತಲ್ದಾಗ ಅವಕ್ಕ ಕಾಣೂದಿಲ್ಲ. ಇದರ ಜರಿ ತಿಂಗಳ ಬೆಳಕಿಗೆ ದೂರಿಂದ ಮಿಂಚತೈತಿ. ನೋಡಿ ತಿರಗಿ ಹೋಗತಾವು. ಮುಟ್ಟಿ ಝಟಕಾ ತಿನ್ನೂದು ಯಾಕ? ಅವಕ್ಕೂ ಜೀವ ಇಲ್ಲೇನು?”

“ಅವ್ವಾ, ಝಟಕಾ ಹೊಡೀಲಿ ಅಂತನ ಮಷೀನ್ ತಂದೈತಿ!”

“ನೀ ತಂದಿ. ನಾ ತಂದಿಲ್ಲ.”

ವಿದ್ಯಾರ್ಥಿ ಮುಖ ತಿರುಗಿಸಿಕೊಂಡು ನಗು ನುಂಗಿದ. ಹಂದಿಗೆ ನೋವಾಗದಿರಲಿ ಎಂದು ಹಂದಿಯ ಬೇಲಿಗೆ ಮದುವೆಯ ಶಾಲು ಕಟ್ಟುವವರು ನಮ್ಮ ಮನೆಯವರಲ್ಲದೆ ಇನ್ನಾರು? ಆ ಜರಿ ತಂತಿಯ ಜೋರನ್ನೆಲ್ಲ ನೆಲಕ್ಕೆ ಹರಿಸಿ ಆ ಮೂಲೆಯಲ್ಲಿ ಬೇಲಿಯನ್ನು ನಿರ್ಜೀವ ಮಾಡಿತ್ತು. ಹಂದಿಗಳು ಶಾಲನ್ನು ಸರಿಸಿಕೊಂಡು ಆರಾಮಾಗಿ ಒಳಬಂದು ಕಬ್ಬು ಮೆದ್ದು ಹೋಗುತ್ತಿದ್ದವು. ಅದನ್ನು ಬಿಡಿಸಿ ಹೇಳಿದೆ. ಮಗ ಹಣೆ ಹಣೆ ಬಡಿದುಕೊಂಡ. ವೈನಿಯ ಮುಖದಲ್ಲಿ ಒಂದು ಕ್ಷಣ ಸಮಾಧಾನ ಹಾದುಹೋದದ್ದನ್ನು ನಾನು ನೋಡಿದೆ: ಸದ್ಯ, ಒಂದಕ್ಕೂ ಝಟಕಾ ಹತ್ತಿಲ್ಲ.

“ಇನ್ನ ಆ ಶಾಲು ಯಾರ ಉಡಾವ್ರ ಅದಾರ” ಅಂದಳು ಆಮೇಲೆ, ಸೀರೆಯನ್ನಲ್ಲ, ಕಬ್ಬನ್ನು ನೋಡುತ್ತ. “ಪೆಟ್ಟಿಗ್ಯಾಗ ಇಟ್ಟು ಹುಳಾ ತಿನ್ನಸೂದ್ಕಿಂತ ಒಂದ ಜೀವಕ್ಕ ಉಪಯೋಗ ಆಗಲಿ ಅಂದ್ಯಾ. ಅಷ್ಟ.”

ಬಿಚ್ಚು ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಆದರೆ ಎನ್ನದೆಯೂ ಇರುವಂತಿರಲಿಲ್ಲ. ಐಗಳಿಯಲ್ಲಿ ಒಂದು ಕೈ ಕಾಯುತ್ತಿತ್ತು. “ವೈನಿ, ಇದು ಐಗಳಿಯಾಕಿ ಬಾಯಿ ಕಟ್ಟೈತಿ” ಅಂದೆ. “ನನ್ನ ಕಿವಿ ಅಲ್ಲ. ಆಕಿ ಬಾಯಿ.”

ವೈನಿ ನನ್ನ ಒದ್ದೆ ಸೀರೆ ನೋಡಿದಳು, ಟ್ರಾನ್ಸಿಸ್ಟರ್ ನೋಡಿದಳು. “ಮೊದಲ ಹಿಂಗ ಹೇಳಬಾರ್ದ? ಟಿಕ್ ಟಿಕ್ ಅಂದ್ರ ನಾ ಏನ್ ತಿಳೀಬೇಕ” ಎಂದು ನನಗೇ ಬೈದು, ತಾನೇ ಗಂಟು ಬಿಚ್ಚಿದಳು. ಹೊತ್ತೇರುವ ಮೊದಲು ಕಟ್ಟೆಯ ಮೇಲೆ ಕೂತು ಕತ್ತರಿಯಿಂದ ಜರಿ ಅಂಚನ್ನು ಒಂದೇ ಸಮ ಕತ್ತರಿಸಿ, ಸುರುಳಿ ಸುತ್ತಿ ತನ್ನ ಪೆಟ್ಟಿಗೆಗೆ ಹಾಕಿದಳು. ಉಳಿದ ಕೆಂಪು ರೇಷ್ಮೆಯನ್ನು ಮಗ ತಂತಿಯಿಂದ ದೂರ, ಹೊರಗಿನ ಗೂಟಗಳಿಗೆ ಹಗ್ಗ ಹಾಕಿ ಕಟ್ಟಿದ. ಹಂದಿಗೆ ಎಚ್ಚರಿಕೆಯೂ ಉಳಿಯಿತು, ತಂತಿಗೆ ಜೋರೂ ಬಂತು. ವಿದ್ಯಾರ್ಥಿ ಉಪ್ಪಿಟ್ಟು ತಿಂದು ಹೊರಡುವಾಗ, “ಮೇಡಂ, ನಾಳಿಂದ ನಾನೂ ಮೊದಲ ಪೀಕ್ ನೋಡ್ತೀನಿ, ಆಮ್ಯಾಲ ಆವರೇಜ್” ಅಂದ. “ಎರಡೂ ನೋಡು. ಆಮ್ಯಾಲ ಕೇಳಾವ್ರನ್ನೂ ಕೇಳು” ಅಂದೆ.

ಮರುದಿನ ಬೆಳಿಗ್ಗೆ ಇಬ್ಬನಿ ಜೋರಾಗಿಯೇ ಬಿದ್ದಿತ್ತು. ಮಷೀನ್ ಚಾಲೂ ಇತ್ತು. ನಾನು ಹೆಡ್‌ಫೋನ್ ಹಾಕಿ ಕೂತೆ. ಕೆಳಗೆ ಗಾಡಿಯ ಸದ್ದು, ಸೋಲಾರಿನವನು ಅಳತೆ ಪಟ್ಟಿ ಹಿಡಿದು ಮತ್ತೆ ಬಂದಿದ್ದ. ಆಗ ಅಂಗಳದಲ್ಲಿ ನಡೆದ ಮಾತು ನನಗೆ ತಿಳಿದದ್ದು ಆಮೇಲೆ, ಅಣ್ಣನ ಮಗ ನಗುತ್ತ ಹೇಳಿದಾಗ. ಸೋಲಾರಿನವನು ಕಂಬ ತೋರಿಸಿ, “ಇದನ್ನ ಯಾವಾಗ ತಗೀತೀರಿ?” ಎಂದನಂತೆ. ಮಗ ಬಾಯಿ ತೆರೆಯುವ ಮೊದಲೇ ವೈನಿ, “ಅದನ್ನ ಮುಟ್ಟಬ್ಯಾಡ್ರಿ. ನಿಮ್ಮ ಗಾಜು ದನದ ಕೊಟ್ಟಿಗಿ ಮ್ಯಾಲ ಹಾಕ್ರಿ. ಆ ಕಂಬದಾಗ ಒಬ್ಬಾಕಿ ಮಾತಾಡತಾಳು” ಎಂದಳಂತೆ.

ನನಗೆ ಅದೊಂದೂ ಕೇಳಿಸಲಿಲ್ಲ. ನನ್ನ ಕಿವಿ ತುಂಬ ಗಾಳಿಯ ಸಣ್ಣ ಸುಯ್ಯೆನ್ನುವಿಕೆ, ಅದರೊಳಗಿಂದ ಸೊಟ್ಟಪಟ್ಟ ಎದ್ದು ಬರುತ್ತಿದ್ದ ಅಕ್ಷರಗಳು. ಉಪ್ಪಿಟ್ಟಿಗೆ ಇವತ್ತೂ ಉಪ್ಪಿಲ್ಲ. ಇಷ್ಟು ದಿನ ಎಲ್ಲಿ ಸತ್ತಿದ್ದೆ? ನಾನು ಆವರೇಜಿನ ಕತೆಯನ್ನೆಲ್ಲ ಕಳಿಸಿದೆ, ಶಾಲಿನ ಸಮೇತ. ಆ ಕಡೆಯಿಂದ ಅಕ್ಷರವಾಗದ ಒಂದಷ್ಟು ಗಿಡ್ಡ ಸದ್ದುಗಳು ಉದುರಿದವು. ನಗುತ್ತಿದ್ದಳೆಂದು ಕಾಣುತ್ತದೆ, ನಕ್ಕರೆ ಅವಳ ಕೈ ನಿಲ್ಲುವುದಿಲ್ಲ. ಆಮೇಲೆ ಬಂತು, ಒಂದೊಂದೇ ಅಕ್ಷರ, ನಡುವೆ ಏನೂ ಬೀಳದೆ:

ಆವರೇಜ್, ಮೈ ಫುಟ್.